ಎರಡನೆಯ ಕೊಸರು

ತಕ್ಕಡಿಯ ಮುಂದೆ ನಿಂತಾಗ ಕಾಳಪ್ಪ ಪತ್ತಾರ ಮಾತಾಡುತ್ತಿರಲಿಲ್ಲ, ಇನ್ನೊಬ್ಬರನ್ನು ಮಾತಾಡಲಿಕ್ಕೂ ಬಿಡುತ್ತಿರಲಿಲ್ಲ. ಯಾರಾದರೂ ಬಾಯಿ ತೆರೆದರೆ ಸಾಕು, ಎಡಗೈ ಎತ್ತಿ ಅಂಗೈ ತೋರಿಸಿಬಿಡುವನು. ಅದು ಅಪ್ಪನಿಂದ ಬಂದ ರೂಢಿ. ಬೆಳಗಾವಿಯ ಶಹಾಪುರದ ಓಣಿಯಲ್ಲಿ ಅಪ್ಪ ಬಂಗಾರ ತೂಗಲಿಕ್ಕೆ ಕೂತರೆ ಮನೆಯ ಹೆಂಗಸರು ಬಳೆಯ ಸದ್ದು ಕೂಡ ಮಾಡುತ್ತಿರಲಿಲ್ಲವಂತೆ. ಮಾತಾಡಿದರೆ ಉಸಿರು ತಗಲುತ್ತದೆ, ಉಸಿರು ತಗಲಿದರೆ ತಟ್ಟೆ ಅಲುಗುತ್ತದೆ, ತಟ್ಟೆ ಅಲುಗಿದರೆ ಗುಲಗಂಜಿ ತೂಕ ಹೆಚ್ಚುಕಡಿಮೆಯಾಗುತ್ತದೆ ಎಂಬುದು ಅಪ್ಪನ ಲೆಕ್ಕ. ಈಗಿನ ತಕ್ಕಡಿಗೆ ಗಾಜಿನ ಪೆಟ್ಟಿಗೆಯಿದೆ, ಅದರೊಳಗೆ ಯಾರ ಉಸಿರೂ ಹೋಗುವುದಿಲ್ಲ, ಅಂಕಿ ತಾನಾಗಿಯೇ ಮೂಡುತ್ತದೆ. ಆದರೂ ಕಾಳಪ್ಪ ರೂಢಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಹಾಗೆ ಕೈ ಎತ್ತುವುದರಲ್ಲಿ ಅವನಿಗೊಂದು ಗತ್ತಿತ್ತು.

ಅವನು ತೂಗುತ್ತಿದ್ದದ್ದು ಬಂಗಾರವನ್ನಲ್ಲ. ಊರಾಚೆಯ ಹಳೆಯ ಫೌಂಡ್ರಿಯೊಂದರ ಶೆಡ್ಡಿನಲ್ಲಿ ಲೋಹಸ್ನಾಯು ಕೇಂದ್ರ ಎಂಬ ಪ್ರಯೋಗಾಲಯ ಶುರುವಾಗಿ ಒಂಬತ್ತು ವರ್ಷವಾಗಿತ್ತು. ನಿಕಲ್, ಮ್ಯಾಂಗನೀಸ್, ಗ್ಯಾಲಿಯಂ ಈ ಮೂರನ್ನು ಹದವಾಗಿ ಬೆರೆಸಿ, ಕರಗಿಸಿ, ಒಂದೇ ಹರಳಾಗಿ ಬೆಳೆಸಿದರೆ ಒಂದು ವಿಚಿತ್ರ ಲೋಹ ಹುಟ್ಟುತ್ತದೆ. ಅದರ ಒಳಗೆ ಕಣ್ಣಿಗೆ ಕಾಣದ ಪದರಗಳು ಸೀರೆಯ ನಿರಿಗೆಯ ಹಾಗೆ ಮಡಚಿಕೊಂಡಿರುತ್ತವೆ. ಅಯಸ್ಕಾಂತದ ಬಲ ಒಂದು ಮಗ್ಗುಲಿಂದ ತಾಗಿದರೆ ನಿರಿಗೆಗಳು ಸರಿದು ಕಡ್ಡಿ ಉದ್ದವಾಗುತ್ತದೆ, ಇನ್ನೊಂದು ಮಗ್ಗುಲಿಂದ ತಾಗಿದರೆ ಗಿಡ್ಡವಾಗುತ್ತದೆ. ಐದು ಸೆಂಟಿಮೀಟರಿನ ಕಡ್ಡಿ ಕಣ್ಣು ಮಿಟುಕಿಸುವುದರೊಳಗೆ ಮೂರು ಮಿಲಿಮೀಟರ್ ಬೆಳೆದು ಮತ್ತೆ ಮೊದಲಿನಂತಾಗುತ್ತದೆ. ಮೋಟಾರು ಬೇಡ, ಹಲ್ಲುಚಕ್ರ ಬೇಡ, ಸದ್ದಂತೂ ಇಲ್ಲವೇ ಇಲ್ಲ. ಅಂಥ ಕಡ್ಡಿಗಳನ್ನು ಕೃತಕ ಕೈಯ ಬೆರಳುಗಳಲ್ಲಿ ಕೂಡಿಸಿ, ಮೊಣಕೈ ಕೆಳಗಿನ ಸ್ನಾಯುವಿನ ಸೂಚನೆಯನ್ನು ಪುಟ್ಟ ತಂತಿಸುರುಳಿಗಳಿಗೆ ಮುಟ್ಟಿಸಿದರೆ, ಕೈ ಕಳೆದುಕೊಂಡವರು ಮತ್ತೆ ಸೂಜಿಗೆ ದಾರ ಪೋಣಿಸುತ್ತಾರೆ. ಒಂದು ಹರಳಿಗೆ ಒಂದು ಕೈ.

ಹಾಗಂತ ಹರಳು ಹುಟ್ಟುತ್ತಲೇ ಎಲ್ಲ ಕಲಿತು ಬರುವುದಿಲ್ಲ. ಮೂರು ದಿನ ಸಾವಿರ ಡಿಗ್ರಿಯ ಕುಲುಮೆಯಲ್ಲಿಟ್ಟು ಹದ ಮಾಡಬೇಕು, ಕಡ್ಡಿಗಳಾಗಿ ಕೊಯ್ಯಬೇಕು, ಆಮೇಲೆ ಒತ್ತುಯಂತ್ರದಲ್ಲಿಟ್ಟು ಈ ಮಗ್ಗುಲು ಒಮ್ಮೆ, ಆ ಮಗ್ಗುಲು ಒಮ್ಮೆ, ವಾರಗಟ್ಟಲೆ ಒತ್ತಿ ಒತ್ತಿ ನಿರಿಗೆಗಳನ್ನು ಸಡಿಲಿಸಬೇಕು. ಕುಸ್ತಿಯ ಊರಿನವರಾದ್ದರಿಂದ ಕೇಂದ್ರದವರು ಇದಕ್ಕೆ ತಾಲೀಮು ಎನ್ನುತ್ತಿದ್ದರು. ತಾಲೀಮಾದ ಲೋಹಕ್ಕೂ ಒಂದು ಭಯವಿದೆ. ಅರವತ್ತೈದು ಡಿಗ್ರಿ ದಾಟಿ ಬಿಸಿಯಾದರೆ ನಿರಿಗೆಗಳೇ ಮಾಯವಾಗಿ, ಅಯಸ್ಕಾಂತ ಎಷ್ಟು ಕರೆದರೂ ಕಡ್ಡಿ ಓಗೊಡುವುದಿಲ್ಲ. ತಣ್ಣಗಾದ ಮೇಲೆ ನಿರಿಗೆ ಮರಳಿ ಬರುತ್ತವೆ, ಆದರೆ ಕಲಿತದ್ದರಲ್ಲಿ ಅಷ್ಟಿಷ್ಟು ಮರೆತುಹೋಗಿರುತ್ತದೆ. ಆ ಅರವತ್ತೈದು ಡಿಗ್ರಿ ಎಂಬ ಗಡಿ ನಿಂತಿರುವುದು ಬೆರಕೆಯ ತೂಕದ ಮೇಲೆ. ತೂಕ ಚೂರು ತಪ್ಪಿದರೆ ಗಡಿ ಕೆಳಗಿಳಿಯುತ್ತದೆ.

ಅದಕ್ಕೇ ಕಾಳಪ್ಪನಿಗೆ ಅಷ್ಟು ಬೆಲೆ. ಬೇರೆ ಕಡೆ ಹರಳಿನ ಚೂರೊಂದನ್ನು ಕಾಯಿಸಿ ಗಡಿ ಎಲ್ಲಿದೆ ಎಂದು ಪರೀಕ್ಷಿಸುತ್ತಾರೆ. ಇಲ್ಲಿ ‘ಕಾಳಪ್ಪನವರ ತೂಕ’ ಎಂದರೆ ಮುಗಿಯಿತು, ಆ ಪರೀಕ್ಷೆಯನ್ನು ಮಾಡುವುದನ್ನೇ ಬಿಟ್ಟಿದ್ದರು. ಕರಗಿಸುವಾಗ ಮ್ಯಾಂಗನೀಸ್ ಸ್ವಲ್ಪ ಹೊಗೆಯಾಗಿ ಹಾರಿಹೋಗುತ್ತದೆ. ಹಾರುವಷ್ಟನ್ನು ಮೊದಲೇ ಹೆಚ್ಚಿಗೆ ಹಾಕಬೇಕು. ಎಂಟು ಗುಲಗಂಜಿ, ಅಂದರೆ ಸುಮಾರು ಒಂದು ಗ್ರಾಂ. ಇದಕ್ಕೆ ‘ಕೊಸರು’ ಎಂದು ಹೆಸರಿಟ್ಟವಳು ಕಾಳಪ್ಪನ ಕೈಕೆಳಗಿನ ದಾಕ್ಷಾಯಣಿ ಹೂಗಾರ. ಇಪ್ಪತ್ತಾರರ ಹುಡುಗಿ. ಅವಳ ತಾಯಿ ಪೇಟೆಯಲ್ಲಿ ಹೂ ಮಾರುತ್ತಾಳೆ, ಮೊಳ ಹಾಕಿದ ಮೇಲೆ ಗಿರಾಕಿಗೆ ನಾಲ್ಕು ಬೆರಳು ಕೊಸರು ಕೊಡುತ್ತಾಳೆ. ಆ ಹೆಸರು ಕೇಳಿ ಕಾಳಪ್ಪ ಮೊದಲ ದಿನ ನಕ್ಕಿದ್ದ, ಎರಡನೆಯ ದಿನದಿಂದ ತಾನೂ ಹಾಗೇ ಕರೆಯತೊಡಗಿದ. ಹುಡುಗಿಯ ಕೈ ತನ್ನ ಕೈಯಷ್ಟೇ ಸ್ಥಿರವಾಗಿದೆ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿದ್ದೂ ಉಂಟು. ಹುಡುಗಿಯ ಮುಂದೆ ಮಾತ್ರ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಕೇಂದ್ರದ ಐವತ್ತನೆಯ ಹರಳು ಕರಗುವುದಿತ್ತು. ಅದೇ ಬೆಳಿಗ್ಗೆ ಹನ್ನೊಂದಕ್ಕೆ ಕಾಳಪ್ಪನಿಗೆ ಸತ್ಕಾರ. ಅವನು ಹೊಸ ಅಂಗಿ ತೊಟ್ಟು ಬರುವಷ್ಟರಲ್ಲಿ ತಡವಾಗಿ, ದಾಕ್ಷಾಯಣಿ ಮೂರೂ ಲೋಹ ತೂಗಿ ಮೂಸೆಗೆ ಹಾಕಿ, ಕೊಸರನ್ನೂ ಹಾಕಿ, ವಹಿಯಲ್ಲಿ ಬರೆದು ಸಹಿ ಮಾಡಿದ್ದಳು. ಕಾಳಪ್ಪ ನೇರ ತಕ್ಕಡಿಗೆ ಹೋದ, ಮ್ಯಾಂಗನೀಸಿನ ಡಬ್ಬಿ ತೆರೆದ, ಎಂಟು ಗುಲಗಂಜಿ ತೂಗತೊಡಗಿದ. ದಾಕ್ಷಾಯಣಿ ಬಾಯಿ ತೆರೆದಳು. ಅವನು ಎಡಗೈ ಎತ್ತಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅವನು ಕೈ ಇನ್ನಷ್ಟು ಮೇಲೆತ್ತಿದ. ಚೂರುಗಳು ಮೂಸೆಗೆ ಬಿದ್ದವು, ಅವನ ಕೈಯೇ ಕುಲುಮೆಯ ಬಾಗಿಲು ಮುಚ್ಚಿತು.

"ಸರ್, ಕೊಸರು ನಾ ಹಾಕೀನಿ," ಎಂದಳು ದಾಕ್ಷಾಯಣಿ, ಕೈ ಇಳಿದ ಮೇಲೆ.

"ಹಾಕಿದ್ರ ನಂಗ ಕಾಣ್ತಿದ್ದಿಲ್ಲೇನು? ಮೂವತ್ತು ವರ್ಷ ಆತು ತಕ್ಕಡಿ ಹಿಡಿದು."

"ವಹಿಯಾಗ ಬರದೀನ್ರಿ ಸರ್."

ಹೊರಗೆ ಅತಿಥಿಗಳ ಕಾರಿನ ಸದ್ದಾಯಿತು. ವಹಿ ನೋಡಲು ಎರಡು ನಿಮಿಷ ಸಾಕಿತ್ತು. ಆದರೆ ನೋಡಿದರೆ ಕುಲುಮೆ ತೆರೆಯಬೇಕು, ಮೂಸೆ ಖಾಲಿ ಮಾಡಬೇಕು, ಸತ್ಕಾರದ ದಿನವೇ ಐವತ್ತನೆಯ ಹರಳು ಯಾಕೆ ನಿಂತಿತು ಎಂದು ಎಲ್ಲರಿಗೂ ಹೇಳಬೇಕು. "ಆತು ಆತು, ನಾ ನೋಡ್ಕೋತೀನಿ," ಎಂದು ಕಾಳಪ್ಪ ಹೊರಟುಹೋದ. ಶಾಲು ಹೊದೆಸಿದರು, ಪೇಟ ಇಟ್ಟರು, ‘ತಪ್ಪು ತೂಗದ ಕೈ’ ಎಂದು ಭಾಷಣ ಮಾಡಿದರು. ಮೂರನೆಯ ದಿನ ಹರಳನ್ನು ತೂಗಿದಾಗ ಅದು ಇರಬೇಕಾದ್ದಕ್ಕಿಂತ ಏಳು ಗುಲಗಂಜಿ ಹೆಚ್ಚಿತ್ತು. ಈ ಸಲ ಹೊಗೆ ಕಡಿಮೆ ಎದ್ದಿರಬೇಕು ಎಂದುಕೊಂಡ. ವಹಿಯಲ್ಲಿ ‘ಕರಗಿದ ಮೇಲಿನ ತೂಕ’ ಎಂಬ ಖಾನೆಯನ್ನು ಖಾಲಿ ಬಿಟ್ಟ. ತನಗೆ ತಾನೇ ಸುಳ್ಳು ಹೇಳಿಕೊಳ್ಳುವವನು ಬರೆಯಲಿಕ್ಕೆ ಹೆದರುತ್ತಾನೆ ನೋಡಿ.

ಐವತ್ತನೆಯ ಹರಳು ಕಾಶವ್ವನ ಕೈಯಾಯಿತು. ಕಾಶವ್ವ ಕಾಳಪ್ಪನ ಓಣಿಯವಳೇ, ರೊಟ್ಟಿ ಬಡಿದು ಮಾರುವವಳು. ನಾಲ್ಕು ವರ್ಷದ ಹಿಂದೆ ಅಣ್ಣನ ಕಬ್ಬಿನ ಹಾಲಿನ ಗಾಣಕ್ಕೆ ಬಲಗೈ ಸಿಕ್ಕಿ ಮಣಿಕಟ್ಟಿನವರೆಗೆ ಹೋಗಿತ್ತು. ಅಂದಿನಿಂದ ಪಕ್ಕದ ಖಾನಾವಳಿಯಲ್ಲಿ ಎಡಗೈಯಿಂದ ಪಾತ್ರೆ ತೊಳೆದುಕೊಂಡಿದ್ದಳು. ಮಾರ್ಚ್ ತಿಂಗಳಲ್ಲಿ ಕೈ ಬಂತು. ಹದಿನೈದೇ ದಿನಕ್ಕೆ ಅವಳ ಮನೆಯಿಂದ ಟಪಟಪ ಸದ್ದು ಓಣಿಗೆಲ್ಲ ಕೇಳತೊಡಗಿತು.

ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು, ಬಿಸಿ ಇರುವಾಗಲೇ ನಾದಿದರೆ ರೊಟ್ಟಿ ಮೆತ್ತಗೆ ಬರುತ್ತದೆ. ಎಂಥ ಗಟ್ಟಿಗಿತ್ತಿಯಾದರೂ ಬೆರಳು ತಾಳುವಷ್ಟು ಆರುವವರೆಗೆ ಕಾಯಲೇಬೇಕು. ಕಾಶವ್ವ ಕಾಯಲಿಲ್ಲ. "ಈ ಕೈಗೆ ಸುಡೂದಿಲ್ಲ ನೋಡ್ರಿ ಇಂದಿರಕ್ಕಾ," ಎಂದು ಕಾಳಪ್ಪನ ಹೆಂಡತಿಗೆ ತೋರಿಸಿ, ಹೊಗೆಯಾಡುವ ಹಿಟ್ಟಿನೊಳಗೆ ರಬ್ಬರು ಚರ್ಮದ ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿದಳು. ಅಂಥ ರೊಟ್ಟಿಯನ್ನು ಶಹಾಪುರ ಕಂಡಿರಲಿಲ್ಲ. ಗಿರಾಕಿಗಳು ಸಾಲು ನಿಂತರು. ಕಾಳಪ್ಪನ ತಟ್ಟೆಗೂ ಅದೇ ರೊಟ್ಟಿ ಬಂತು, ಮುರಿಯುವಾಗ ಅವನ ಮೀಸೆಯಡಿ ಒಂದು ನಗೆ ಇರುತ್ತಿತ್ತು. ಹಿಟ್ಟಿನ ಬಿಸಿ ಎಷ್ಟಿರುತ್ತದೆ ಎಂದು ಕೇಂದ್ರದವರು ಮೊದಲೇ ಅಳೆದು ಅರವತ್ತು ಎಂದು ಹೇಳಿದ್ದರು. ಗಡಿ ಅರವತ್ತೈದು. ಭಯವಿಲ್ಲ.

ಮೇ ತಿಂಗಳಲ್ಲಿ ರೊಟ್ಟಿ ಅಂಚಿನಲ್ಲಿ ಸೀಳತೊಡಗಿತು. "ಕಾಶವ್ವ ಯಾಕೋ ತಣ್ಣೀರಾಗ ಹಿಟ್ಟು ಕಲಸಾಕತ್ಯಾಳ," ಎಂದಳು ಇಂದಿರಾ. ಆಮೇಲೆ ಟಪಟಪ ಸದ್ದು ನಡುನಡುವೆ ತಪ್ಪತೊಡಗಿತು. ಆಮೇಲೊಂದು ಬೆಳಿಗ್ಗೆ ಸದ್ದೇ ಕೇಳಲಿಲ್ಲ. ಇಂದಿರಾ ಓಡಿ ಬಂದು ಗಂಡನನ್ನು ಕರೆದಳು.

ಕಾಶವ್ವ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಎಸರಿನ ಪಾತ್ರೆ ಬೋರಲು ಬಿದ್ದಿತ್ತು. ಎಡಪಾದದಿಂದ ಮೊಣಕಾಲಿನವರೆಗೆ ಕೆಂಪಾಗಿ ಬೊಬ್ಬೆ ಎದ್ದಿತ್ತು. ಕೃತಕ ಕೈಯ ಐದೂ ಬೆರಳು ಬಿಚ್ಚಿಕೊಂಡು ಸುಮ್ಮನೆ ನಿಂತಿದ್ದವು. ಅಂದು ಮತ್ತೆ ಎಸರು ಕಾಯಿಸಿ ಹಿಡಿದಾಗ ಕೈ ತಾನಾಗಿಯೇ ಪಾತ್ರೆ ಬಿಟ್ಟುಬಿಟ್ಟಿತ್ತು. ಕಾಳಪ್ಪನನ್ನು ನೋಡಿದ್ದೇ ತಡ, ಅವಳು ನೋವು ಮರೆತು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಕಾಳಪ್ಪಣ್ಣಾ, ನಿಮ್ಮ ಕೈ ನಾ ಕೆಡಿಸಿದ್ನಿ. ಹದಿನೈದು ದಿನಾ ಆತು, ಬಿಸಿ ಹಿಟ್ಟಿಗೆ ಇಟ್ಟರ ಮರಗಟ್ಟಿದಂಗ ಆಗಾಕತ್ತಿತ್ತು. ಹೇಳಿದ್ರ ವಾಪಸ್ ಒಯ್ತೀರಿ ಅಂತ ಸುಮ್ನಿದ್ದೆ. ಸೊಕ್ಕು ಮಾಡಿ ಸುಡು ಹಿಟ್ಟಿನಾಗ ಕೈ ಹಾಕಿದ್ದು ನಂದ ತಪ್ಪು. ಒಯ್ಯಬ್ಯಾಡ್ರಿ."

ಹಿಟ್ಟಿನ ಬಿಸಿಗೆ ನಿರಿಗೆ ಹೋಗಬೇಕಾದರೆ ಗಡಿ ಅರವತ್ತಕ್ಕಿಂತ ಕೆಳಗಿರಬೇಕು. ಏಳು ಗುಲಗಂಜಿ. ಕಾಳಪ್ಪನಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಅವನ ಬಾಯಿಂದ ಬಂದದ್ದು ಮಾತ್ರ, "ಇರ್ಲಿ ಬಿಡವ್ವಾ, ಮೊದಲು ದವಾಖಾನಿಗೆ ನಡಿ," ಎಂಬ ಮಾತು. ‘ಇರ್ಲಿ ಬಿಡು’ ಎಂದು ಅವಳನ್ನು ಕ್ಷಮಿಸಿದವನಂತೆ ಹೇಳಿದ್ದನಲ್ಲ, ಅದನ್ನು ನೆನೆದರೆ ಆಮೇಲೆ ಎಷ್ಟೋ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಕಾಶವ್ವನ ಕೈಯ ಒಂದು ಕಡ್ಡಿಯನ್ನು ಕೊಯ್ದು ನೋಡಿದರು. ಮ್ಯಾಂಗನೀಸ್ ಹೆಚ್ಚು. ಗಡಿ ಐವತ್ತೇಳು ಡಿಗ್ರಿಗೆ ಇಳಿದಿತ್ತು. ರಬ್ಬರು ಚರ್ಮ ಅಷ್ಟು ದಿನ ತಡೆದಿದ್ದ ಬಿಸಿ, ಬೇಸಿಗೆ ಏರಿದ ಮೇಲೆ ಒಳಗಿನ ಕಡ್ಡಿಯವರೆಗೂ ಇಳಿದಿತ್ತು. ಕೇಂದ್ರದ ನಿರ್ದೇಶಕಿ ಡಾ. ಹೇಮಲತಾ ಜಕಾತಿ ವಹಿಯನ್ನು ಮೇಜಿನ ಮೇಲೆ ತೆರೆದಿಟ್ಟು ಇಬ್ಬರನ್ನೂ ಕರೆಸಿದರು.

"ಕೊಸರು ಒಂದ ಸಲ ಬರದದ. ಸಹಿ ದಾಕ್ಷಾಯಣಿದದ. ಅಂದ್ರ ಆ ತೂಕನ ತಪ್ಪ್ಯದ. ಕಾಳಪ್ಪ, ಕರಗಿದ ಮ್ಯಾಲಿನ ತೂಕದ ಖಾನೆ ಖಾಲಿ ಯಾಕ?"

"ಅವತ್ತು ಸತ್ಕಾರದ ಗಡಿಬಿಡಿ ಇತ್ರಿ ಮೇಡಂ," ಎಂದ ಕಾಳಪ್ಪ. ಹರಳು ತೂಗಿದ್ದು ಸತ್ಕಾರವಾಗಿ ಮೂರನೆಯ ದಿನಕ್ಕೆ. ಅದು ಮೇಡಂಗೆ ಹೊಳೆಯಲಿಲ್ಲ, ದಾಕ್ಷಾಯಣಿಗೆ ಹೊಳೆಯಿತು. ಅವಳು ತಿರುಗಿ ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಈಗ ಹೇಳುತ್ತಾರೆ, ಈಗ ಹೇಳಿಯೇ ಹೇಳುತ್ತಾರೆ ಎಂದು ಕಾಯುವ ನೋಟ. ಕಾಳಪ್ಪ ವಹಿಯ ಹಾಳೆಯನ್ನೇ ನೋಡುತ್ತ ನಿಂತ. ನೆಲ ಬಾಯಿ ಬಿಡಬಾರದೇ ಎನಿಸಿತು, ಆದರೆ ತನ್ನ ಬಾಯಿ ಬಿಡಲಾಗಲಿಲ್ಲ.

"ನೀ ಏನಂತಿ ದಾಕ್ಷಾಯಣಿ?" ಎಂದರು ಮೇಡಂ.

"ನಾ ಸರಿ ತೂಗೀನ್ರಿ ಮೇಡಂ. ಇದರ ಮ್ಯಾಲ ನನ್ನ ಕಡೆ ಹೇಳೂದು ಏನಿಲ್ರಿ."

ಗುರುವಿನ ಮುಂದೆ ಗುರುವಿನ ಹೆಸರು ಎತ್ತಲು ಅವಳಿಗೆ ನಾಲಿಗೆ ಬರಲಿಲ್ಲ. ಅಂದು ಸಂಜೆಯೇ ಅವಳನ್ನು ತಕ್ಕಡಿಯಿಂದ ಬಿಡಿಸಿದರು. ವಿಚಾರಣೆ ಮುಗಿಯುವವರೆಗೆ ಕೇಂದ್ರಕ್ಕೆ ಬರುವುದು ಬೇಡ ಎಂದರು. ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಅವಳ ಒಂದು ತೂಕ ತಪ್ಪಿದೆ ಎಂದಮೇಲೆ ಅವಳು ತೂಗಿದ ಎಲ್ಲವೂ ಅನುಮಾನವೇ. ಅಂಥ ಇನ್ನೂ ಹನ್ನೊಂದು ಕೈಗಳು ಊರೂರಲ್ಲಿ ಓಡಾಡುತ್ತಿದ್ದವು. ಕಡ್ಡಿ ಕಾಯಿಸಿ ನೋಡದೆ ಗಡಿ ತಿಳಿಯದು, ಕಾಯಿಸಿದರೆ ತಾಲೀಮು ಮರೆಯುತ್ತದೆ, ಮತ್ತೆ ಕಲಿಸಲು ಎರಡು ತಿಂಗಳು. ಹನ್ನೊಂದನ್ನೂ ವಾಪಸ್ಸು ತರಿಸಬೇಕೆಂದು ತೀರ್ಮಾನವಾಯಿತು. ತರಲು ಹೋಗಬೇಕಾದವನು ಕಾಳಪ್ಪ, ಏಕೆಂದರೆ ಜನ ಅವನನ್ನು ನಂಬುತ್ತಾರೆ.

ಹೀಗೆ ಅವನು ಮೂರು ವಾರ ಊರೂರು ತಿರುಗಿ, ಏನೂ ಕೆಡದ ಕೈಗಳನ್ನು ಜನರ ತೋಳಿನಿಂದ ಬಿಚ್ಚಿ ಪೆಟ್ಟಿಗೆಗೆ ತುಂಬಿದ. ಖಾನಾಪುರದ ದರ್ಜಿಯೊಬ್ಬ ಅರ್ಧ ಹೊಲಿದ ಕುಪ್ಪಸವನ್ನು ಮಶೀನಿನ ಮೇಲೇ ಬಿಟ್ಟು ತೋಳು ಚಾಚಿದ. ನಿಪ್ಪಾಣಿಯ ಬಸ್ ಕಂಡಕ್ಟರ್ ಮಹಾಂತೇಶ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕ. "ಒಂದ ಕೈಯಾಗ ಟಿಕೆಟ್ ಮಶೀನು ಹಿಡಿಯೂದೋ, ಕಂಬಿ ಹಿಡಿಯೂದೋ ಸರ್? ರಜಾ ಹಾಕಬೇಕು," ಎಂದು ನಕ್ಕ. ಬಿಚ್ಚುವ ಮೊದಲು ಆ ಕೈಯಿಂದಲೇ ಕಾಳಪ್ಪನಿಗೆ ಚಹಾದ ಕಪ್ಪು ಎತ್ತಿ ಕೊಟ್ಟ. "ಆ ಹುಡುಗಿ ಹಿಂಗ್ಯಾಕ ಮಾಡಿದಳ್ರಿ? ಮಂದಿ ಜೀವದ ಕೂಡ ಆಟ ಆಡ್ತಾರೇನು?" ಎಂದೂ ಕೇಳಿದ. ಕಾಳಪ್ಪ ಚಹಾ ಕುಡಿದ. ಏನೆಂದು ಉತ್ತರ ಕೊಟ್ಟನೋ ಅವನಿಗೇ ನೆನಪಿಲ್ಲ, ಬಹುಶಃ ತಲೆ ಆಡಿಸಿರಬೇಕು.

ಮನೆಯಲ್ಲಿ ಇಂದಿರಾ ರೊಟ್ಟಿಯನ್ನು ತಾನೇ ಬಡಿಯತೊಡಗಿದ್ದಳು. "ದಾಕ್ಷಿ ಅಂಥಾಕಿ ಅಲ್ಲ ಅನ್ನಸ್ತೈತಿ. ನೀವ ಅಂತಿದ್ರಿ, ಆಕಿ ಕೈ ನನ್ನ ಕೈ ಇದ್ದಂಗ ಅಂತ," ಎಂದಳು ಒಂದು ಮಧ್ಯಾಹ್ನ. ಅವಳು ಸಹಜವಾಗಿ ಹೇಳಿದ್ದು. ಕಾಳಪ್ಪ ತಟ್ಟೆ ಸರಿಸಿ ಎದ್ದುಬಿಟ್ಟ. ಗೋಡೆಯ ಮೊಳೆಗೆ ಸತ್ಕಾರದ ಶಾಲು ನೇತಾಡುತ್ತಿತ್ತು. ಅದನ್ನು ತೆಗೆದು ಟ್ರಂಕಿನ ತಳಕ್ಕೆ ಹಾಕಿದ, ಅದರ ಮೇಲೆ ಹಾಸಿಗೆ ಹೊದಿಕೆ ಹೇರಿದ. ನಾಚಿಕೆಯನ್ನು ಟ್ರಂಕಿನಲ್ಲಿ ಮುಚ್ಚಿಡಲು ಬರುವಂತಿದ್ದರೆ ಅಂದೇ ಅವನ ಸಂಕಟ ಮುಗಿಯುತ್ತಿತ್ತು.

ಸೋಮವಾರ ಹನ್ನೊಂದು ಕೈಗಳನ್ನೂ ಕಾಯಿಸುವುದೆಂದು ನಿಗದಿಯಾಯಿತು. ಶನಿವಾರ ಬೆಳಿಗ್ಗೆ ಕಾಳಪ್ಪ ಪೇಟೆಯ ಹೂವಿನ ಸಾಲಿಗೆ ಹೋದ. ದಾಕ್ಷಾಯಣಿ ತಾಯಿಯ ಜಾಗದಲ್ಲಿ ಕೂತು ಹೂ ಮಾರುತ್ತಿದ್ದಳು. ಅವಳನ್ನು ಒಂದು ಬದಿಗೆ ಕರೆದು, ಮೆಲ್ಲಗೆ ತಪ್ಪು ಒಪ್ಪಿಕೊಂಡು, ಕ್ಷಮಿಸು ಎಂದುಬಿಟ್ಟರೆ ಅರ್ಧ ಭಾರ ಇಳಿಯುತ್ತದೆ ಎಂಬುದು ಅವನ ಲೆಕ್ಕ. ಉಳಿದರ್ಧವನ್ನು ಏನು ಮಾಡುವುದೆಂದು ಅವನು ಯೋಚಿಸಿರಲಿಲ್ಲ.

"ದಾಕ್ಷಾಯಣಿ," ಎಂದ.

ಅವಳು ಒಬ್ಬ ಅಜ್ಜಿಗೆ ಮಲ್ಲಿಗೆ ಮೊಳ ಹಾಕುತ್ತಿದ್ದಳು. ತಲೆ ಎತ್ತದೆ ಎಡಗೈಯನ್ನು ಮೇಲೆತ್ತಿ ಅಂಗೈ ತೋರಿಸಿದಳು.

ಕಾಳಪ್ಪ ಅಲ್ಲೇ ನಿಂತ. ಆ ಕೈಯನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಅದರ ಮುಂದೆ ಮನುಷ್ಯ ಎಷ್ಟು ಚಿಕ್ಕವನಾಗುತ್ತಾನೆ ಎಂದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ತಿಳಿಯಿತು. ಅವಳು ಮೂರು ಮೊಳ ಹಾಕಿದಳು, ನಾಲ್ಕು ಬೆರಳು ಕೊಸರು ಬಿಟ್ಟು ಹರಿದಳು, ಎಲೆಯಲ್ಲಿ ಕಟ್ಟಿ ಅಜ್ಜಿಯ ಕೈಗಿಟ್ಟಳು. ಆಮೇಲೆ ಅವನ ಕಡೆ ತಿರುಗಿದಳು.

"ಈಗ ಹೇಳ್ರಿ ಸರ್."

"ಆ ದಿನ ಎರಡನೇ ಕೊಸರು ನಾ ಹಾಕಿದೆ. ನೀ ಹೇಳಿದ್ದು ಕೇಳಿಸಿತ್ತು. ಹರಳು ತೂಗಿದಾಗ ಖಾತ್ರಿನೂ ಆಗಿತ್ತು."

"ಇದು ನಂಗ ಗೊತ್ತೈತಲ್ರಿ ಸರ್," ಎಂದಳು ದಾಕ್ಷಾಯಣಿ. ದನಿ ಏರಲಿಲ್ಲ, ಆದರೆ ಕಣ್ಣು ತುಂಬಿದ್ದವು. "ಗೊತ್ತಿದ್ದಾಕಿ ಮುಂದ ಬಂದು ಹೇಳ್ತೀರಲ್ಲ. ಗೊತ್ತಿಲ್ಲದವರು ಹನ್ನೊಂದು ಮಂದಿ ಅದಾರ. ಕಾಶವ್ವ ಅದಾಳ. ನಮ್ಮವ್ವಗ ಈ ಸಾಲಿನಾಗ ದಿನಾ ಕೇಳ್ತಾರ, ನಿನ್ನ ಮಗಳು ಏನ ತಪ್ಪು ಮಾಡಿದಳು ಅಂತ. ಅವರಿಗೆ ಹೇಳ್ರಿ."

ಮತ್ತೊಬ್ಬ ಗಿರಾಕಿ ಬಂದ. ಅವಳು ಮೊಳ ಹಾಕತೊಡಗಿದಳು. ಪಕ್ಕದ ಅಂಗಡಿಯವರೆಲ್ಲ ಕಾಳಪ್ಪನನ್ನೇ ನೋಡುತ್ತಿದ್ದರು, ಅವನು ಅವರ ಮಧ್ಯದಿಂದ ತಲೆ ತಗ್ಗಿಸಿ ನಡೆದು ಬಂದ.

ಸೋಮವಾರ ಕೇಂದ್ರದ ಸಭಾಂಗಣದಲ್ಲಿ ಹನ್ನೊಂದು ಜನ ಒಪ್ಪಿಗೆಯ ಸಹಿ ಹಾಕಲು ಬಂದು ಕೂತಿದ್ದರು, ಒಂದೊಂದು ತೋಳು ಖಾಲಿ. ಕಾಶವ್ವ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿದ್ದಳು. ಮೇಜಿನ ಮೇಲೆ ಹನ್ನೊಂದು ಕೈಗಳನ್ನು ಸಾಲಾಗಿ ಇಟ್ಟಿದ್ದರು. ಮೇಡಂ ಮಾತು ಶುರುಮಾಡುವ ಮೊದಲೇ ಕಾಳಪ್ಪ ಎದ್ದ. ಅವನ ಬಗಲಲ್ಲಿ ವಹಿಯಿತ್ತು. ಖಾಲಿ ಖಾನೆಯಲ್ಲಿ ಆ ಬೆಳಿಗ್ಗೆಯೇ ತೂಕ ಬರೆದು, ಬರೆದ ಸೋಮವಾರದ ದಿನಾಂಕವನ್ನೇ ಹಾಕಿ, ಸಹಿ ಮಾಡಿದ್ದ.

"ಈ ಕೈಗಳನ್ನ ಕಾಯಿಸಬ್ಯಾಡ್ರಿ ಮೇಡಂ. ಇವು ಚಲೋ ಅದಾವ," ಎಂದ. ಆಮೇಲೆ ನಿಂತಲ್ಲೇ ಎಲ್ಲ ಹೇಳಿದ. ಕೈ ಎತ್ತಿದ್ದು, ಎರಡನೆಯ ಕೊಸರು ಹಾಕಿದ್ದು, ಅವಳು ಹೇಳಿದರೂ ಕಾರಿನ ಸದ್ದಿಗೆ ಹೊರಟುಹೋದದ್ದು, ಏಳು ಗುಲಗಂಜಿ, ಗಡಿಬಿಡಿ ಎಂದು ಸುಳ್ಳು ಹೇಳಿದ್ದು. ಹೇಳುವಾಗ ಒಂದು ಸಲವೂ ‘ಆಗಿಹೋಯಿತು’ ಎನ್ನಲಿಲ್ಲ, ‘ಮಾಡಿದೆ’ ಎಂದೇ ಹೇಳಿದ. ಅಷ್ಟು ಮಾತ್ರ ಅವನು ದಾರಿಯಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ.

ಮೊದಲು ಎದ್ದವನು ಕಂಡಕ್ಟರ್ ಮಹಾಂತೇಶ. "ಅಂದ್ರ ನಿಪ್ಪಾಣಿಗೆ ಬಂದು ನನ್ನ ಕೈ ಬಿಚ್ಚಿದಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ನಾ ಆ ಹುಡುಗಿಗೆ ಬೈದಾಗ?"

"ಆಗೂ ಗೊತ್ತಿತ್ತು."

"ಮೂರು ವಾರಾತು, ನನ್ನ ಹೆಂಡತಿ ದಿನಾ ಮುಂಜಾನೆ ನನ್ನ ಅಂಗಿ ಗುಂಡಿ ಹಾಕ್ಯಾಳ," ಎಂದ ಮಹಾಂತೇಶ. ಅಷ್ಟು ಹೇಳಿ ಕೂತುಬಿಟ್ಟ. ಬೈದಿದ್ದರೆ ಕಾಳಪ್ಪನಿಗೆ ಹಗುರವಾಗುತ್ತಿತ್ತು.

ಹಿಂದಿನ ಸಾಲಿನಿಂದ ಕಾಶವ್ವ ಕುಂಟುತ್ತ ಎದ್ದು ನಿಂತಳು. "ಕಾಳಪ್ಪಣ್ಣಾ, ಹಂಗಾದ್ರ ನಂದಲ್ಲ ತಪ್ಪು?"

"ಅಲ್ಲವ್ವಾ."

"ಸುಡು ಹಿಟ್ಟಿನಾಗ ಕೈ ಹಾಕಿ ನಾನ ಕೆಡಿಸಿದೆ ಅಂತ ತಿಳದಿದ್ನೆಲ್ಲ. ದವಾಖಾನ್ಯಾಗ ಮಕ್ಕೊಂಡು ನನ್ನ ನಾನ ಬೈಕೊಂಡೀನಿ."

"ಹಿಟ್ಟಿಗೆ ಕೈ ಹಾಕಾಕನ ಆ ಕೈ ಮಾಡಿದ್ವಿ. ನಿನ್ನ ತಪ್ಪು ಏನೂ ಇಲ್ಲ. ಎಲ್ಲಾ ನಂದು."

ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಕಾಲು ಸುಟ್ಟ ದಿನ ಅವಳು ಅತ್ತಿರಲಿಲ್ಲ.

ಆ ಮಧ್ಯಾಹ್ನ ಹನ್ನೊಂದು ಕೈಗಳನ್ನು ಕಾಳಪ್ಪನೇ ಒಬ್ಬೊಬ್ಬರ ತೋಳಿಗೆ ತೊಡಿಸಿ ಪಟ್ಟಿ ಬಿಗಿದ. ಯಾರೂ ಅವನಿಗೆ ಚಹಾ ಎತ್ತಿ ಕೊಡಲಿಲ್ಲ. ಜಕಾತಿ ಮೇಡಂ ಅವನನ್ನು ತಕ್ಕಡಿಯಿಂದ ತೆಗೆದು ತಾಲೀಮಿನ ಒತ್ತುಯಂತ್ರಕ್ಕೆ ಹಾಕಿದರು. "ಅವತ್ತ ಹೇಳಿದ್ರ ಇದು ಬರೇ ತಪ್ಪಾಗ್ತಿತ್ತು, ಕಾಳಪ್ಪ," ಎಂದಷ್ಟೇ ಹೇಳಿದರು. ‘ಕಾಳಪ್ಪನವರ ತೂಕ’ ಎಂಬ ಮಾತನ್ನು ಕೇಂದ್ರದಲ್ಲಿ ಮತ್ತೆ ಯಾರೂ ಆಡಲಿಲ್ಲ. ಪ್ರತಿ ಹರಳಿನ ಚೂರನ್ನು ಕಾಯಿಸಿ ನೋಡುವುದು ಶುರುವಾಯಿತು.

ದಾಕ್ಷಾಯಣಿಯನ್ನು ಕರೆಯಲು ಮೇಡಂ ತಾವೇ ಹೂವಿನ ಸಾಲಿಗೆ ಹೋದರು. ಅವಳು ಬರುತ್ತಾಳೋ ಇಲ್ಲವೋ ಎಂದು ಹತ್ತು ದಿನ ಗೊತ್ತಾಗಲಿಲ್ಲ. ಹನ್ನೊಂದನೆಯ ದಿನ ಬಂದಳು. ತೂಗುವಾಗ ಇಬ್ಬರಿರಬೇಕು, ಹಾಕಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಕೇಳಿದೆನೆಂದು ಹೇಳಬೇಕು ಎಂದು ಹೊಸ ನಿಯಮ ಮಾಡಿದ್ದರು. ಮೊದಲಿಗೆ ಕರಗಬೇಕಾದದ್ದು ಕಾಶವ್ವನ ಹೊಸ ಕೈಯ ಹರಳು. ಕೇಳಲು ಯಾರು ನಿಲ್ಲಬೇಕೆಂದು ಮೇಡಂ ವಿಚಾರಿಸಿದಾಗ ದಾಕ್ಷಾಯಣಿ, "ಪತ್ತಾರ ಸರ್ ನಿಲ್ಲಲಿ," ಎಂದಳಂತೆ.

ಕಾಳಪ್ಪ ಗಾಜಿನ ಪೆಟ್ಟಿಗೆಯಿಂದ ಎರಡು ಹೆಜ್ಜೆ ದೂರ ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ಒಂದೂ ಮೇಲೇಳದ ಹಾಗೆ. ನಿಕಲ್ ಇಷ್ಟು ಎಂದಳು. ಕೇಳಿದೆ ಎಂದ. ಗ್ಯಾಲಿಯಂ ಇಷ್ಟು, ಮ್ಯಾಂಗನೀಸ್ ಇಷ್ಟು. ಕೇಳಿದೆ, ಕೇಳಿದೆ. ಕೊನೆಗೆ ಅವಳು ಎಂಟು ಗುಲಗಂಜಿ ತೂಗಿ ಮೂಸೆಗೆ ಸುರಿದಳು. ಡಬ್ಬಿಯ ಮುಚ್ಚಳ ಹಾಕಿ, ಮೊದಲ ಸಲ ಅವನ ಮುಖ ನೋಡಿದಳು.

"ಸರ್, ಕೊಸರು ನಾ ಹಾಕೀನಿ."

ಅದೇ ಮಾತು, ಅದೇ ದನಿ. ಆರು ತಿಂಗಳ ಹಿಂದೆ ಇದಕ್ಕೆ ಅವನು ಕೊಡಬೇಕಾಗಿದ್ದ ಉತ್ತರ ಒಂದೇ ಒಂದು ಮಾತಿನದು. ದಾಕ್ಷಾಯಣಿ ಮೂಸೆಯ ಮೇಲೆ ಕೈಯಿಟ್ಟು ಕಾದಳು, ಕುಲುಮೆ ಮುಚ್ಚಲಿಲ್ಲ.

"ಕೇಳಿಸ್ತವ್ವಾ," ಎಂದ ಅವನು, "ಅವತ್ತೂ ಕೇಳಿಸಿತ್ತು."

ಅವಳು ವಹಿಯಲ್ಲಿ ಬರೆದು, ಪೆನ್ನನ್ನು ಅವನ ಕಡೆಗೆ ಸರಿಸಿದಳು.